ನಿಮ್ಮದೇ ಮರ, ಆದರೂ ಕೇಳಬೇಕು

ಎರಡನೇ ಶನಿವಾರ, ಅದರ ಹಿಂದೆ ಭಾನುವಾರ, ಅದಕ್ಕೆ ಅಂಟಿಕೊಂಡು ಸೋಮವಾರವೂ ಒಂದು ಸರ್ಕಾರಿ ರಜೆ. ನಮ್ಮ ಊರುಗಳಲ್ಲಿ ಮರಗಳಿಗೆ ಗಂಡಾಂತರ ಬರುವುದು ಇಂಥ ದಿನಗಳಲ್ಲೇ. ಕಚೇರಿಗೆ ಬೀಗ, ಅಧಿಕಾರಿಯ ಫೋನು ಸ್ವಿಚ್ ಆಫ್, ಅಕ್ಕಪಕ್ಕದವರು ಊರಿಗೆ ಹೊರಟಿರುತ್ತಾರೆ. ಬೆಳಗಿನ ಜಾವ ಒಂದು ಟೆಂಪೊ ಬಂದು ನಿಲ್ಲುತ್ತದೆ. ನಾಲ್ಕು ಜನ, ಎರಡು ಪವರ್ ಸಾ, ಒಂದಿಷ್ಟು ಹಗ್ಗ. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ತಲೆಮಾರಿಗೆ ಉಪ್ಪಿನಕಾಯಿ ಕೊಟ್ಟ ಮಾವಿನ ಮರ ತುಂಡುತುಂಡಾಗಿ ಟೆಂಪೊ ಹತ್ತಿರುತ್ತದೆ. ಮಂಗಳವಾರ ಯಾರಾದರೂ ದೂರು ಕೊಟ್ಟರೆ ಅಧಿಕಾರಿಗೆ ಸಿಗುವುದು ಮಣ್ಣು ಮುಚ್ಚಿದ ಬುಡ, ಅದರ ಮೇಲೆ ಆಗಲೇ ಇಳಿಸಿದ ಒಂದು ಲೋಡು ಜಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದರೆ ಇದೇ.

ಇದನ್ನು ಮಾಡುವವರು ಕಾಡುಗಳ್ಳರಲ್ಲ. ಸೈಟಿನ ಮಾಲೀಕರೇ. ಕಂದಾಯ ಬಾಕಿ ಉಳಿಸದವರು, ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳಿಸುವವರು, ಜೂನ್ 5 ಬಂತೆಂದರೆ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಹಸಿರೆಲೆ ಹಾಕುವವರು. ಯಾಕೆ ಹೀಗೆ ಮಾಡಿದಿರಿ ಎಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನನ್ನ ಜಾಗ, ನನ್ನ ಮರ. ಯಾರನ್ನ ಯಾಕ್ರೀ ಕೇಳಬೇಕು?"

ಕೇಳಬೇಕು ಸ್ವಾಮಿ. ಸುಮಾರು ಐವತ್ತು ವರ್ಷದಿಂದ ಕೇಳಬೇಕು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1976ರಲ್ಲಿ, ಈ ರಾಜ್ಯ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮಾಡಿತು. ಅದರ ಎಂಟನೇ ಸೆಕ್ಷನ್ ಹೇಳುವುದು ಇಷ್ಟೇ: ಜಮೀನು ಸ್ವಂತದ್ದಾಗಿರಲಿ, ಬೇರೆಯವರದಾಗಿರಲಿ, ವೃಕ್ಷಾಧಿಕಾರಿಯ ಮುಂಗಡ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ, ಕಡಿಸುವಂತಿಲ್ಲ. ಮರ ಸರ್ಕಾರದ್ದು ಎಂದು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಮರ ನಿಮ್ಮದೇ. ಹಣ್ಣು ನಿಮ್ಮದು, ಸೌದೆ ನಿಮ್ಮದು. ಕಡಿಯುವ ಮುನ್ನ ಒಂದು ಗಳಿಗೆ ನಿಲ್ಲಿ, ಒಬ್ಬರು ಬಂದು ನೋಡಲಿ ಎನ್ನುವುದಷ್ಟೇ ಅದರ ಬೇಡಿಕೆ.

ಅಷ್ಟು ಸಣ್ಣ ಬೇಡಿಕೆ ನಮಗೆ ಅವಮಾನದಂತೆ ಕಾಣುತ್ತದೆಯಲ್ಲ, ಅದು ನನಗೆ ಆಶ್ಚರ್ಯ. ಮನೆ ಕಟ್ಟುವವನು ಕೇಳದೆ ಏನು ಮಾಡುತ್ತಾನೆ ಹೇಳಿ. ಖಾತೆಗೆ ಅಲೆಯುತ್ತಾನೆ, ಪ್ಲಾನ್ ಮಂಜೂರಾತಿಗೆ ಅಲೆಯುತ್ತಾನೆ, ಬೆಸ್ಕಾಂ ಮೀಟರಿಗೆ, ಕಾವೇರಿ ನೀರಿಗೆ, ಒಳಚರಂಡಿ ಸಂಪರ್ಕಕ್ಕೆ, ಬ್ಯಾಂಕ್ ಸಾಲಕ್ಕೆ. ಒಂದೊಂದು ಸಹಿಗೂ ತಿಂಗಳುಗಟ್ಟಲೆ ಮೆಟ್ಟಿಲು ಸವೆಸುತ್ತಾನೆ. ಅಲ್ಲೆಲ್ಲೂ "ನನ್ನ ಜಾಗ, ನಾನ್ಯಾಕೆ ಕೇಳಲಿ" ಎಂಬ ಮಾತು ಬರುವುದಿಲ್ಲ. ವಾಸ್ತುವಿನವರು ಹೇಳಿದರೆಂದು ಸಂಪನ್ನು ಈಶಾನ್ಯಕ್ಕೆ ತಿರುಗಿಸುತ್ತಾನೆ, ಮುಹೂರ್ತ ಕೂಡಲಿಲ್ಲವೆಂದು ಎರಡು ತಿಂಗಳು ಪಾಯ ಮುಂದೂಡುತ್ತಾನೆ. ಆ ಜಾಗದಲ್ಲಿ ಅವನಿಗಿಂತ ಮೊದಲಿನಿಂದ ನಿಂತಿರುವ ಜೀವದ ವಿಷಯ ಬಂದಾಗ ಮಾತ್ರ ಹಕ್ಕಿನ ಮಾತು ಹೊರಡುತ್ತದೆ.

ಹಿಂದೆ ಹೀಗಿರಲಿಲ್ಲ ಎಂದು ಹಾಡುವ ಜಾತಿಯವನಲ್ಲ ನಾನು. ಹಿಂದಿನವರೂ ಮರ ಕಡಿದರು, ಧಾರಾಳವಾಗಿ ಕಡಿದರು. ಆದರೆ ಕಡಿಯುವ ಮುನ್ನ ಕೇಳುವ ರೂಢಿ ಅವರಿಗಿತ್ತು. ಮನೆಯ ತೊಲೆಗೆ ಹಲಸಿನ ಮರ ಬೇಕಾದಾಗ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರಲ್ಲಿ ವಾಸವಿರುವ ಹಕ್ಕಿ ಹುಳುಗಳಿಗೆಲ್ಲ ಬೇರೆ ಕಡೆ ಹೋಗಿರಪ್ಪ ಎಂದು ಕೈಮುಗಿದು ಆಮೇಲೆ ಕೊಡಲಿ ಹಾಕುವ ಆಚಾರಿಗಳು ಮಲೆನಾಡಿನಲ್ಲಿದ್ದರು. ಅಶ್ವತ್ಥಕಟ್ಟೆಯ ಮರಕ್ಕೆ ಕತ್ತಿ ತಾಗಿಸಲು ಇಂದಿಗೂ ಕೂಲಿಯವರು ಒಪ್ಪುವುದಿಲ್ಲ. ಕೊಡಗಿನಲ್ಲಿ ದೇವರಕಾಡು, ಕರಾವಳಿಯಲ್ಲಿ ನಾಗಬನ. ಅದು ಭಯವೋ ಭಕ್ತಿಯೋ, ಮರಕ್ಕೂ ಕೊಡಲಿಗೂ ನಡುವೆ ಒಂದು ತಡೆ ಇತ್ತು. ಆ ತಡೆ ಸಡಿಲಾದ ಕಾಲಕ್ಕೆ ಅದರ ಜಾಗದಲ್ಲಿ ಒಂದು ಅರ್ಜಿ ನಮೂನೆ ಬಂತು. ಅದನ್ನೂ ಹರಿದೆಸೆದರೆ ನಡುವೆ ಉಳಿಯುವುದು ಏನೂ ಇಲ್ಲ.

ರಸ್ತೆ ಬದಿಯ ಮರಕ್ಕಾದರೆ ಜನವಾದರೂ ಸೇರುತ್ತಾರೆ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಸಾವಿರಾರು ಜನ ಕೈಗೆ ಕೈ ಹಿಡಿದು ಸ್ಟೀಲ್ ಫ್ಲೈಓವರ್ ಬೇಡ ಎಂದು ನಿಂತರು. ಅದಕ್ಕಾಗಿ ಎಂಟುನೂರಕ್ಕೂ ಹೆಚ್ಚು ಮರ ಉರುಳಬೇಕಿತ್ತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಶಿರಸಿಯ ಸಲ್ಕಣಿಯ ಜನ 1983ರಲ್ಲಿ ಮರಗಳನ್ನು ಅಪ್ಪಿ ನಿಂತದ್ದು ಪಠ್ಯಪುಸ್ತಕದಲ್ಲಿದೆ. ಕಾಂಪೌಂಡಿನೊಳಗಿನ ಮರಕ್ಕೆ ಈ ಭಾಗ್ಯ ಇಲ್ಲ. ಗೇಟು ಮುಚ್ಚಿದೆ, ಒಳಗೆ ಹೋದರೆ ಅತಿಕ್ರಮ ಪ್ರವೇಶ. ನೋಡಿದ ಪಕ್ಕದ ಮನೆಯವರಿಗೆ ದಾಕ್ಷಿಣ್ಯ: ನಾಳೆ ಮುಖ ನೋಡಬೇಕಲ್ಲ, ಮಗಳ ಮದುವೆಗೆ ಕರೆಯಬೇಕಲ್ಲ. ಪತ್ರಿಕೆಗೆ ಒಂದು ಮರ ಸುದ್ದಿಯಲ್ಲ. ಒಂದು ರಸ್ತೆಯಲ್ಲಿ ನೂರು ಮರ ಬಿದ್ದರೆ ಅದು ಹಗರಣ, ನೂರು ಮನೆಗಳಲ್ಲಿ ಒಂದೊಂದು ಬಿದ್ದರೆ ಅದು ಅವರವರ ಮನೆ ವಿಷಯ. ನಗರದ ಹಸಿರು ಕರಗುತ್ತಿರುವುದು ಎರಡನೆಯ ದಾರಿಯಿಂದಲೂ ಅಷ್ಟೇ ವೇಗವಾಗಿ, ಯಾವ ಸದ್ದೂ ಇಲ್ಲದೆ.

ಮಲ್ಲೇಶ್ವರ, ಬಸವನಗುಡಿಯ ಹಳೆಯ ಬೀದಿಗಳಲ್ಲಿ ನಡೆದು ನೋಡಿ. ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕು ಬೇಕೆಂದು ಹುಟ್ಟಿದ ಬಡಾವಣೆಗಳವು. ರಸ್ತೆ ಬದಿಗೆ ಮರ ಹಾಕಿದ್ದು ಸರ್ಕಾರ. ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಜಾತಿ ಆರಿಸಿ ನೆಡುವ ಕ್ರಮವನ್ನು ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಕ್ರುಂಬಿಗಲ್ ಕಲಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಸುಮಾರು 15 ಲಕ್ಷ ಸಸಿ ನೆಡಿಸಿದರು. ಆದರೆ ಕಾಂಪೌಂಡಿನ ಒಳಗೆ ಮರ ಹಾಕಿದವರು ಅಜ್ಜಿಯರು, ಸೊಸೆಯರು, ಪಿಂಚಣಿ ಬಂದ ಮೇಷ್ಟ್ರುಗಳು. ಮುಂದೆ ಒಂದು ಸಂಪಿಗೆ, ಪಕ್ಕದಲ್ಲಿ ಮಾವು, ಹಿತ್ತಲಲ್ಲಿ ನುಗ್ಗೆ, ಕರಿಬೇವು, ಬಚ್ಚಲ ನೀರು ಹರಿಯುವಲ್ಲಿ ಬಾಳೆ. ಆ ಮನೆಗಳು ಒಂದೊಂದಾಗಿ ಉರುಳಿ ಅಲ್ಲಿ ನಾಲ್ಕು ಮಹಡಿ ಏಳುತ್ತಿವೆ. ತಂದೆಯ ಆಸ್ತಿ ಮೂವರಲ್ಲಿ ಭಾಗವಾದಾಗ ಬಿಲ್ಡರ್ ಕೂರಿಸಿಕೊಂಡು ಲೆಕ್ಕ ಹಾಕುತ್ತಾನೆ. ಚದರಡಿಗೆ ಇಷ್ಟು, ಕಾರ್ ಪಾರ್ಕಿಂಗಿಗೆ ಇಷ್ಟು. ಮರಕ್ಕೆ ಆ ಲೆಕ್ಕದ ಹಾಳೆಯಲ್ಲಿ ಒಂದು ಸಾಲೂ ಇಲ್ಲ.

ಮರದ ಬೆಲೆ ಲೆಕ್ಕ ಹಾಕಿದವರು ಇಲ್ಲದಿಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗೆ 356 ಮರ ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ತಜ್ಞರ ಸಮಿತಿ 2021ರಲ್ಲಿ ಒಂದು ಸೂತ್ರ ಕೊಟ್ಟಿತು: ಮರದ ವಯಸ್ಸನ್ನು 74,500 ರೂಪಾಯಿಯಿಂದ ಗುಣಿಸಿ. ಆ ಲೆಕ್ಕದಲ್ಲಿ ಅರವತ್ತು ವರ್ಷದ ನಿಮ್ಮ ಮಾವಿನ ಮರ ಸುಮಾರು 45 ಲಕ್ಷದ್ದು. ಈ ಸೂತ್ರದ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ, ಬದುಕಿರುವುದಕ್ಕೆಲ್ಲ ದರಪಟ್ಟಿ ಅಂಟಿಸುವುದು ನಮ್ಮ ಕಾಲದ ಚಾಳಿ. ಆದರೆ ಚದರಡಿಯ ಭಾಷೆಯೊಂದೇ ಅರ್ಥವಾಗುವವರಿಗೆ ಆ ಭಾಷೆಯಲ್ಲೂ ಉತ್ತರ ಇದೆ ಎಂದು ತಿಳಿಯಲಿ.

ಬೇರೆ ಭಾಷೆಯಲ್ಲಿ ಹೇಳುವುದಾದರೆ ಬೆಂಗಳೂರಿನ ರಸ್ತೆಗಳಲ್ಲೇ ಅಳೆದ ಲೆಕ್ಕ ಇದೆ. ಮರಗಳಿರುವ ರಸ್ತೆ, ಮರಗಳಿಲ್ಲದ ರಸ್ತೆ ಎರಡನ್ನೂ ಹೋಲಿಸಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ವ್ಯತ್ಯಾಸ, ಟಾರಿನ ಮೇಲ್ಮೈಯಲ್ಲಿ 27.5 ಡಿಗ್ರಿಯವರೆಗೆ. ಚಪ್ಪಲಿ ಇಲ್ಲದೆ ತಳ್ಳುಗಾಡಿ ದೂಡುವವನ ಕಾಲಿಗೆ ಈ ಅಂಕಿಯ ಅರ್ಥ ಗೊತ್ತು. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು. 2024ರ ಏಪ್ರಿಲ್‌ನಲ್ಲಿ 38.5. ಒಂದು ಕಾಲಕ್ಕೆ ಫ್ಯಾನಿಲ್ಲದೆ ಮಲಗುತ್ತಿದ್ದ ಊರು ಇದು. ನಿಮ್ಮ ಮನೆಗೆ ಎರಡು ಎ.ಸಿ. ಹಾಕಿಸುವ ಶಕ್ತಿ ನಿಮಗಿರಬಹುದು, ಅವುಗಳ ಬಿಸಿಗಾಳಿ ಹೊರಗೆ ಬೀದಿಗೆ ಬೀಳುತ್ತದೆ. ಎದುರು ಮನೆಯ ಶೀಟಿನ ಸೂರಿನಡಿ ಇರುವ ಬಾಡಿಗೆದಾರರಿಗೆ ನೆರಳು ಕೊಡುತ್ತಿದ್ದದ್ದು ನಿಮ್ಮ ಹೊಂಗೆ ಮರವೇ. ಅದನ್ನು ಕಡಿಯುವಾಗ ಅವರನ್ನು ಯಾರು ಕೇಳಿದರು? ಕಾಯ್ದೆ ವೃಕ್ಷಾಧಿಕಾರಿಯನ್ನು ನಡುವೆ ನಿಲ್ಲಿಸಿರುವುದು ಅವರ ಪರವಾಗಿ ಕೇಳಲಿ ಎಂದೇ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ 2014ರಲ್ಲಿ ಎಣಿಸಿದಾಗ ಬೆಂಗಳೂರಿನಲ್ಲಿ ಇದ್ದದ್ದು 14.78 ಲಕ್ಷ ಮರ. ಸುಮಾರು ಏಳು ಜನಕ್ಕೆ ಒಂದು ಮರ. ನಿಮ್ಮ ಹಿತ್ತಲಲ್ಲಿ ಒಂದು ಮರ ಇದ್ದರೆ ಇನ್ನೂ ಆರು ಜನರ ಪಾಲು ನಿಮ್ಮ ಸುಪರ್ದಿಯಲ್ಲಿದೆ.

ಕಾಡುಪಾಪ ಎಂಬ ಪ್ರಾಣಿಯನ್ನು ಬಹಳ ಜನ ನೋಡಿರಲಾರಿರಿ. ಅಂಗೈ ಅಗಲದ ಮೈ, ಮುಖದ ತುಂಬ ಕಣ್ಣು, ಕಡ್ಡಿಯಂಥ ಕೈಕಾಲು. ರಾತ್ರಿ ಹೊತ್ತು ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಹಿಡಿದು ಹಿಡಿದು ದಾಟುತ್ತದೆ. ಕೋತಿಯಂತೆ ಹಾರಲು ಬಾರದು, ನೆಲಕ್ಕಿಳಿದರೆ ನಾಯಿಯ ಬಾಯಿ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ರಸ್ತೆ. ವಿಜ್ಞಾನ ಸಂಸ್ಥೆಯ ಆವರಣದಂಥ ಹಳೆಯ ಮರಗಳ ಜಾಗಗಳಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಅಂಥ ಎರಡು ಜಾಗಗಳ ನಡುವೆ ನಿಮ್ಮ ಮನೆ ಇದ್ದು, ನಿಮ್ಮ ಮರ ಅವೆರಡಕ್ಕೂ ಸೇತುವೆಯಾಗಿದ್ದರೆ, ಅದು ನಿಮಗೆ ಗೊತ್ತೇ ಇರುವುದಿಲ್ಲ. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿ ತಲೆ ಎತ್ತಿ ನೋಡಿದರೆ ಗೊತ್ತಾಗಬಹುದು. ತಲೆ ಎತ್ತಿದರೆ.

ಭಯದ ಮಾತಿಗೆ ಬರೋಣ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಳೆಗಾಲಕ್ಕೆ ಮುಂಚಿನ ಗಾಳಿಯಲ್ಲಿ ಮರ ಬಿದ್ದು, ಕೊಂಬೆ ಬಿದ್ದು ಜನ ಸತ್ತಿದ್ದಾರೆ, ಆಟೊ ಜಜ್ಜಿಹೋಗಿದೆ. ಮನೆಯ ಮೇಲೆ ವಾಲಿದ ಮರದ ಕೆಳಗೆ ಮಗುವನ್ನು ಮಲಗಿಸಿಕೊಂಡ ತಾಯಿಗೆ ಪರಿಸರ ಪಾಠ ಹೇಳುವುದು ಕ್ರೌರ್ಯ. ಕಾಯ್ದೆಯೂ ಹೇಳುವುದಿಲ್ಲ. ಒಣಗಿದ ಮರ, ರೋಗ ಹಿಡಿದ ಮರ, ಗಾಳಿಗೆ ಬಿದ್ದ ಮರ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರ, ಸಿಡಿಲು ಬೆಂಕಿಗೆ ಸಿಕ್ಕಿ ಹಾಳಾದ ಮರ, ಹಳ್ಳಿಯಲ್ಲಿ ನೇಗಿಲಿಗೋ ಒಲೆಗೋ ಬೇಕಾದ ಮರ, ಇವಕ್ಕೆಲ್ಲ ಅನುಮತಿ ನಿರಾಕರಿಸಬಾರದು ಎಂದು ಅದರಲ್ಲೇ ಬರೆದಿದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮೊದಲಾದವಕ್ಕೆ ವಿನಾಯಿತಿಯೂ ಇದೆ. ಆದರೆ ಆ ಮರ ವಾಲಿದ್ದೇಕೆ ಎಂದೂ ಒಮ್ಮೆ ಕೇಳಿ. ಚರಂಡಿ ತೋಡುವಾಗ ಒಂದು ಬದಿಯ ಬೇರು ಕತ್ತರಿಸಿದರು. ಕೇಬಲ್ಲಿಗೆ ಇನ್ನೊಂದು ಬದಿ. ವಿದ್ಯುತ್ ತಂತಿಗೆ ತಾಗುತ್ತದೆಂದು ರಸ್ತೆಯ ಕಡೆಯ ಕೊಂಬೆಗಳನ್ನೆಲ್ಲ ಸವರಿ ಭಾರವನ್ನು ಒಂದೇ ಕಡೆ ಬಿಟ್ಟರು. ಬುಡದ ಸುತ್ತ ಕತ್ತು ಹಿಸುಕುವಂತೆ ಕಾಂಕ್ರೀಟ್ ಸುರಿದರು, ಮಳೆಯ ನೀರು ಇಳಿಯಲು ಒಂದು ಬೆರಳಿನಷ್ಟೂ ಜಾಗ ಬಿಡದೆ. ದೆಹಲಿಯ ಮರಗಳ ಬುಡದಿಂದ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತು, ಇಲ್ಲಿ ನಾವಿನ್ನೂ ಪೇವರ್ಸ್ ಜೋಡಿಸುತ್ತಲೇ ಇದ್ದೇವೆ. ಇಷ್ಟೆಲ್ಲ ಮಾಡಿದ ಮೇಲೆ ಬಿದ್ದ ಮರವನ್ನು ಕೊಲೆಗಡುಕ ಎಂದು ಕರೆಯುತ್ತೇವೆ.

ಇನ್ನು ಹೆದರಿಕೆಗೂ ಸಂಬಂಧವಿಲ್ಲದ ಕಾರಣಗಳು. ಎಲೆ ಉದುರಿ ಕಸ ಆಗುತ್ತದೆ. ಸಂಪಿಗೆಯ ಹೂವಿಗೆ ಹಾವು ಬರುತ್ತದಂತೆ. ಅಂಗಡಿಯ ಬೋರ್ಡು ಕಾಣುವುದಿಲ್ಲ. ಬಾವಲಿ ಹಿಕ್ಕೆ ಹಾಕಿ ಕಾರಿನ ಬಣ್ಣ ಹೋಗುತ್ತದೆ. ಇವಕ್ಕೆ ಏನು ಉತ್ತರ ಕೊಡುವುದು? ಪೊರಕೆ ಇದೆ, ಬಕೆಟ್ ಇದೆ.

ಅನುಮತಿ ಸಿಗದು ಎಂದು ಗೊತ್ತಿದ್ದವರ ಇನ್ನೊಂದು ವಿದ್ಯೆಯನ್ನು ಇಲ್ಲಿ ಬಿಚ್ಚಿ ಹೇಳಲೇಬೇಕು, ಏಕೆಂದರೆ ನೋಡಿದವರಿಗೂ ಅದು ಏನೆಂದು ತಿಳಿಯುವುದಿಲ್ಲ. ಮರದ ಬುಡದಿಂದ ಮೊಣಕಾಲೆತ್ತರದಲ್ಲಿ ಸುತ್ತಲೂ ಒಂದು ಗೇಣು ಅಗಲಕ್ಕೆ ತೊಗಟೆ ಸುಲಿಯುತ್ತಾರೆ. ಎಲೆಗಳು ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಆ ದಾರಿ ಕಡಿದುಹೋಯಿತು. ಬೇರಿನಿಂದ ನೀರು ಏರುವುದು ಅದರೊಳಗಿನ ಕಟ್ಟಿಗೆಯಲ್ಲಿ, ಆ ದಾರಿ ಇನ್ನೂ ತೆರೆದಿದೆ. ಹಾಗಾಗಿ ಮರ ಕೂಡಲೇ ಸಾಯುವುದಿಲ್ಲ. ಮೇಲೆ ಎಲೆ ಹಸಿರಾಗೇ ಇರುತ್ತದೆ, ಒಮ್ಮೊಮ್ಮೆ ಹೂವನ್ನೂ ಬಿಡುತ್ತದೆ, ಕೆಳಗೆ ಬೇರು ಉಪವಾಸ ಬಿದ್ದು ಉಳಿಸಿಟ್ಟ ಗಂಜಿಯನ್ನು ತಿಂದು ಮುಗಿಸುತ್ತಿರುತ್ತದೆ. ತಿಂಗಳುಗಳು ಕಳೆದ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ಮಾಲೀಕ ಕಳೆಗುಂದಿದ ಮುಖ ಮಾಡಿಕೊಂಡು ಅರ್ಜಿ ಹಾಕುತ್ತಾನೆ: ಮರ ಒಣಗಿದೆ, ಅಪಾಯವಿದೆ, ದಯಮಾಡಿ ಅನುಮತಿ ಕೊಡಿ. ಸುಲಿಯುವಷ್ಟೂ ತಾಳ್ಮೆ ಇಲ್ಲದವರು ಬುಡಕ್ಕೆ ಡ್ರಿಲ್ ಹಾಕಿ ಆಸಿಡ್ ಸುರಿಯುತ್ತಾರೆ. 1976ರಲ್ಲಿ ಕಾಯ್ದೆ ಬರೆದವರಿಗೆ ನಮ್ಮ ಬುದ್ಧಿ ಗೊತ್ತಿತ್ತು. ಕಡಿಯುವುದು ಎಂದರೆ ಬುಡಕ್ಕೆ ಗರಗಸ ಹಾಕುವುದು ಮಾತ್ರವಲ್ಲ ಎಂದು ಸ್ಪಷ್ಟ ಮಾಡಿದರು. ಸುಟ್ಟರೂ, ವಿಷ ಹಾಕಿದರೂ, ತೊಗಟೆ ಸುಲಿದರೂ, ಬೇರೆ ಯಾವ ರೀತಿಯಲ್ಲಿ ಮರಕ್ಕೆ ಹಾನಿ ಮಾಡಿದರೂ ಅದು ಕಡಿದಂತೆಯೇ, ಅದು ಅಪರಾಧವೇ. ನಿಮ್ಮ ಬೀದಿಯಲ್ಲಿ ಯಾವುದಾದರೂ ಮರ ಹೀಗೆ ಉಂಗುರ ತೊಟ್ಟು ನಿಂತಿದ್ದರೆ ಫೋಟೊ ತೆಗೆದು ಕೂಡಲೇ ದೂರು ಕೊಡಿ. ಸುಲಿದ ಸ್ವಲ್ಪ ಹೊತ್ತಿನಲ್ಲೇ ಗೊತ್ತಾದರೆ, ಮೇಲಿನ ಕೆಳಗಿನ ತೊಗಟೆಯನ್ನು ಸಣ್ಣ ಕೊಂಬೆಗಳ ಕಸಿಯಿಂದ ಜೋಡಿಸಿ ಮರ ಉಳಿಸಲು ಸಾಧ್ಯ.

ಕಾನೂನು ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಜೊತೆ ನಾನಿಲ್ಲ. ಶ್ರೀಗಂಧದ ಕಥೆ ನಮ್ಮ ಕಣ್ಣೆದುರಿಗೇ ಇದೆ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಘೋಷಿಸಿದ. ಆಮೇಲಿನ ಅರಸರೂ, ಸ್ವಾತಂತ್ರ್ಯಾನಂತರದ ಸರ್ಕಾರವೂ ಅದೇ ಜಾಡಿನಲ್ಲಿ ನಡೆದವು. ನಿಮ್ಮ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದು, ಕಳ್ಳ ಕದ್ದರೆ ವಿಚಾರಣೆ ನಿಮಗೆ. ರೈತ ಏನು ಮಾಡಿದ? ಬೇಲಿಯಲ್ಲಿ ಎರಡೆಲೆ ಒಡೆದದ್ದು ಕಂಡ ಕೂಡಲೇ ಕಿತ್ತೆಸೆದ. ಗಂಧದ ನಾಡು ಎಂದು ಹಾಡು ಹಾಡುತ್ತಲೇ ಗಂಧ ಬರಿದಾಯಿತು. 2001ರಲ್ಲಿ ಕಾಯ್ದೆ ತಿದ್ದಿ ಜಮೀನಿನ ಒಡೆಯನೇ ಗಂಧದ ಒಡೆಯ ಎಂದ ಮೇಲೆ ಜನ ನೆಡತೊಡಗಿದರು. ಮಲೆನಾಡಿನ, ಕೊಡಗಿನ ಬೆಳೆಗಾರರನ್ನು ಕೇಳಿ ನೋಡಿ. ಬೀಟೆ, ತೇಗ, ಹೊನ್ನೆ ಬೆಳೆಸಿದವನೇ ಅಪರಾಧಿ ಎಂಬಂತೆ ಕಚೇರಿಯಿಂದ ಕಚೇರಿಗೆ ಅಲೆಸಿದ ಅನುಭವ ಮನೆಮನೆಯಲ್ಲೂ ಇದೆ. ಕೊಡಗಿನ ಬಾಣೆ ಜಮೀನಿನ ಮರ ಯಾರದು ಎಂಬ ಜಗಳ ತಲೆಮಾರುಗಳಿಂದ ಬಗೆಹರಿದಿಲ್ಲ. ಮಾಲ್ಕಿ, ಮಹಜರು, ರಹದಾರಿ ಎಂದು ಒಂದೊಂದು ಮೇಜಿನಲ್ಲೂ ಕಡತ ಮಲಗುತ್ತದೆ, ಎಬ್ಬಿಸಲು ಕೈ ಬೆಚ್ಚಗೆ ಮಾಡಬೇಕು. ಅಂಥ ನಿಯಮ ಮರ ಉಳಿಸುವುದಿಲ್ಲ, ಮರ ನೆಡದಂತೆ ಮಾಡುತ್ತದೆ.

ಆದ್ದರಿಂದಲೇ ನನ್ನ ಮೊದಲ ಮಾತು ಅಧಿಕಾರಿಗಳಿಗೆ. ಅರ್ಜಿ ಬಂದರೆ ಹೋಗಿ ನೋಡಿ. ಮೇಜಿನ ಮೇಲೆಯೇ "ಪರಿಶೀಲಿಸಲಾಗಿದೆ" ಎಂದು ಬರೆಯಬೇಡಿ. ನ್ಯಾಯವಾಗಿ ಕಡಿಯಬೇಕಾದ ಮರಕ್ಕೆ ವಾರದಲ್ಲಿ ಅನುಮತಿ ಕೊಡಿ, ಆಗ ಜನ ನಿಮ್ಮ ಬಳಿ ಬರುತ್ತಾರೆ, ಕತ್ತಲಿಗೆ ಕಾಯುವುದಿಲ್ಲ. ಬೇಡದ್ದಕ್ಕೆ ಕಾರಣ ಬರೆದು ನಿರಾಕರಿಸಿ. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂಬ ನಿಯಮ ಇದೆ. ಅದನ್ನು ತಪ್ಪಿಸಲು ಒಂದೇ ಕೆಲಸವನ್ನು ತುಂಡು ಮಾಡಿ ಐವತ್ತರೊಳಗೆ ತರುತ್ತಾರೆ ಎಂಬ ದೂರು ಹಳೆಯದು, ಅದಕ್ಕೆ ನಿಮ್ಮ ಸಹಿ ಸೇರದಿರಲಿ. ಮರಗಣತಿ ಮಾಡುವುದು ವೃಕ್ಷ ಪ್ರಾಧಿಕಾರದ ಕರ್ತವ್ಯ ಎಂದು ಕಾಯ್ದೆಯಲ್ಲೇ ಇದೆ, ಬೆಂಗಳೂರಿನಲ್ಲಿ ಅದು ಅಲುಗಾಡಿದ್ದು ಹೈಕೋರ್ಟ್ ಬೆನ್ನು ಹತ್ತಿದ ಮೇಲೆ. ಯಾವ ಕಾಂಪೌಂಡಿನಲ್ಲಿ ಎಷ್ಟು ಮರ ಇತ್ತು ಎಂಬ ಪಟ್ಟಿಯೇ ಇಲ್ಲದಿದ್ದರೆ ಕಳೆದದ್ದನ್ನು ಸಾಬೀತು ಮಾಡುವುದು ಹೇಗೆ? ಬೆಂಗಳೂರು ಈಗ ಐದು ಪಾಲಿಕೆಗಳಾಗಿದೆ. ಐದರಲ್ಲಿ ಒಂದಾದರೂ ಈ ಪಟ್ಟಿಯನ್ನು ವಾರ್ಡುವಾರು ಜನರ ಮುಂದಿಡಲಿ.

ಎರಡನೆಯ ಮಾತು ಆರ್ಕಿಟೆಕ್ಟ್‌ಗಳಿಗೆ, ಎಂಜಿನಿಯರುಗಳಿಗೆ, ಬಿಲ್ಡರುಗಳಿಗೆ. ನಿವೇಶನದ ನಕ್ಷೆ ಬರೆಯುವಾಗ ಬಾವಿಯನ್ನು ಗುರುತಿಸುತ್ತೀರಿ, ಕಂಬವನ್ನು ಗುರುತಿಸುತ್ತೀರಿ. ಮರವನ್ನೂ ಗುರುತಿಸಿ, ಅದರ ಬುಡದ ಸುತ್ತಳತೆ ಬರೆಯಿರಿ, ಅದರ ಹರವು ಎಷ್ಟೆಂದು ಬರೆಯಿರಿ. ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗ ಕಾನೂನಿನಲ್ಲೇ ಇದೆ. ಹಳೆಯ ಮನೆಗಳ ಮರಗಳು ಹೆಚ್ಚಾಗಿ ನಿಂತಿರುವುದು ಗೋಡೆಯಂಚಿನ ಆ ಪಟ್ಟಿಯಲ್ಲೇ. ಅಲ್ಲಿಗೆ ಮೆಟ್ಟಿಲು ಚಾಚುವ, ಜನರೇಟರ್ ಕೂರಿಸುವ ಆಸೆ ಬಿಟ್ಟರೆ ಎಷ್ಟೋ ಮರ ಉಳಿಯುತ್ತದೆ. ಒಂದು ಕೋಣೆಯ ಮೂಲೆಯನ್ನು ಎರಡಡಿ ಹಿಂದೆ ಸರಿಸಲು ಬಾರದ ಎಂಜಿನಿಯರಿಂಗ್ ಎಂಥದು?

ನ್ಯಾಯಾಲಯಕ್ಕೂ ಸಹನೆ ಮುಗಿದಿದೆ. ಮಥುರಾ-ವೃಂದಾವನದ ಬಳಿ ಖಾಸಗಿ ಜಮೀನೊಂದರಲ್ಲಿ 2024ರ ಸೆಪ್ಟೆಂಬರ್ 18ರ ರಾತ್ರಿ 454 ಮರಗಳನ್ನು ಉರುಳಿಸಲಾಯಿತು. ಅದು ತಾಜ್‌ಮಹಲಿನ ಸುತ್ತಲಿನ ಸಂರಕ್ಷಿತ ವಲಯ, ಅನುಮತಿ ಇರಲಿಲ್ಲ. ಮರಕ್ಕೊಂದು ಲಕ್ಷದಂತೆ ದಂಡ ಎಂಬ ಶಿಫಾರಸನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಇಷ್ಟೊಂದು ಮರ ಕಡಿಯುವುದು ಮನುಷ್ಯನನ್ನು ಕೊಲ್ಲುವುದಕ್ಕಿಂತ ಕೆಟ್ಟದ್ದು ಎಂದು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ಹೇಳಿತು. ಆ ಹೋಲಿಕೆಯನ್ನು ನಾನು ಮಾಡಲಾರೆ, ಮನುಷ್ಯನ ಪ್ರಾಣದ ಜೊತೆ ತೂಗುವುದು ನನಗೆ ಸರಿಕಾಣದು. ಆದರೆ ನನ್ನ ಜಮೀನು ಎಂಬ ವಾದ ದೇಶದ ಅತಿ ದೊಡ್ಡ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ ಎಂಬುದನ್ನು ಪ್ರತಿ ಸೈಟ್ ಮಾಲೀಕ ತಿಳಿದಿರಬೇಕು.

ಇನ್ನು ನಿಮ್ಮ ಜೊತೆ, ಮನೆಯ ಯಜಮಾನರೇ, ಯಜಮಾನಿಯರೇ. ದಂಡದ ಹೆದರಿಕೆಯಿಂದ ಮರ ಉಳಿಸಿ ಎಂದು ಕೇಳಲು ನಾನು ಬಂದಿಲ್ಲ. ದಂಡ ಕಟ್ಟಿ ಕಡಿಯುವ ಶಕ್ತಿ ನಿಮ್ಮಲ್ಲಿ ಅನೇಕರಿಗಿದೆ. ಬೀದಿಯಲ್ಲಿ ನೋಡುವವರಿಲ್ಲದ, ಕಚೇರಿಯಲ್ಲಿ ಕೇಳುವವರಿಲ್ಲದ ಹೊತ್ತಿನಲ್ಲಿ ಆ ಮರಕ್ಕೆ ಇರುವವರು ನೀವೊಬ್ಬರೇ, ಅದಕ್ಕಾಗಿ ಈ ಮಾತು. ಮರ ವಾಲಿದೆ ಅನ್ನಿಸಿದರೆ ಮೊದಲು ಬುಡದ ಕಾಂಕ್ರೀಟ್ ಒಡೆಸಿ, ಭಾರದ ಕೊಂಬೆಯನ್ನು ಅನುಮತಿ ಪಡೆದು ತಿಳಿದವರಿಂದ ಸವರಿಸಿ. ಕಡಿಯದೆ ಗತಿಯಿಲ್ಲವೆಂದರೆ ಅರ್ಜಿ ಹಾಕಿ, ಹಗಲು ಹೊತ್ತಿನಲ್ಲಿ, ಆದೇಶದ ಪ್ರತಿಯನ್ನು ಗೇಟಿಗೆ ಅಂಟಿಸಿ ಕಡಿಸಿ. ಮುಚ್ಚಿಡುವಂಥದ್ದೇನೂ ಇಲ್ಲದ ಕೆಲಸವನ್ನು ಕದ್ದು ಮಾಡುವುದೇಕೆ? ಅನುಮತಿ ಸಿಗಲಿಲ್ಲವೇ, ವೃಕ್ಷ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕುವ ದಾರಿ ಇದೆ. ಡ್ರಿಲ್ಲೂ ಆಸಿಡ್ಡೂ ಮೇಲ್ಮನವಿಯಲ್ಲ.

ಪಕ್ಕದ ಮನೆಯವರೇ, ನಿಮ್ಮ ದಾಕ್ಷಿಣ್ಯ ಬಹಳ ಮರ ಉರುಳಿಸಿದೆ. ಗರಗಸದ ಸದ್ದು ಕೇಳಿದಾಗ ಗೇಟಿನ ಬಳಿ ಹೋಗಿ "ಪರ್ಮಿಷನ್ ತಗೊಂಡಿದೀರಾ?" ಎಂದು ಕೇಳಿ. ಎರಡೇ ಮಾತು. ಜಗಳವಲ್ಲ, ವಿಚಾರಣೆ. ಇದೆ ಎಂದರೆ ತೋರಿಸಲಿ. ಇಲ್ಲವೆಂದರೆ ಕೆಲಸದವರೇ ಗರಗಸ ಇಳಿಸುತ್ತಾರೆ, ಕೂಲಿಗೆ ಬಂದವನಿಗೆ ಪೊಲೀಸ್ ಠಾಣೆ ಬೇಡ.

ಕಡೆಗೆ, ಎಲ್ಲರೂ ಮರೆತಿರುವ ಒಂದು ಷರತ್ತು. ಅನುಮತಿ ಪಡೆದು ಕಡಿದವರು ಅದೇ ಜಾಗದಲ್ಲೋ ಬೇರೆ ತಕ್ಕ ಜಾಗದಲ್ಲೋ 30 ದಿನದೊಳಗೆ ಬದಲಿ ಸಸಿ ನೆಡಬೇಕೆಂಬ ಷರತ್ತಿಗೆ ಕಾಯ್ದೆಯಲ್ಲಿ ಜಾಗವಿದೆ. ಆದೇಶದ ಕೊನೆಯ ಸಾಲಿನಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ, ಓದುವವರಿಲ್ಲ, ಬಂದು ನೋಡುವವರಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನೀವು ಅನುಮತಿ ಪಡೆದು ಮರ ಕಡಿಸಿದ್ದರೆ ಆ ಆದೇಶವನ್ನು ಬೀರುವಿನಿಂದ ತೆಗೆದು ಇವತ್ತೇ ಓದಿ. ಬಾಕಿ ಇದ್ದರೆ ಈ ಮಳೆಗಾಲದಲ್ಲಿ ತೀರಿಸಿ: ಹೊಂಗೆಯೋ, ನೇರಳೆಯೋ, ರೆಂಜೆಯೋ, ಈ ಮಣ್ಣಿನ ಒಂದು ಸಸಿ, ಅದಕ್ಕೊಂದು ಬೇಲಿ, ಎರಡು ಬೇಸಿಗೆ ನೀರು.